ಹದಿನೆಂಟು ಪಾಯಿಂಟ್ ಹೊಡೆಯುವ ಹುಡುಗ ಮುಂದೆ ಎಲ್ಲಿ ನಿಂತು ಆಡಬೇಕು?

ಪ್ರಶ್ನೆ: ನನ್ನ ಮಗನಿಗೆ 19 ವರ್ಷ. ಹಾಸನದಲ್ಲಿ ಬಿ.ಇ. ಎರಡನೇ ವರ್ಷ ಓದುತ್ತಾ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಿದ್ದಾನೆ. ಎತ್ತರ 6 ಅಡಿ 2 ಇಂಚು, ತೂಕ 74 ಕೆಜಿ. ಹೋದ ವರ್ಷ ಪಂದ್ಯಕ್ಕೆ 9 ಪಾಯಿಂಟ್ ಹೊಡೆಯುತ್ತಿದ್ದವನು ಈ ವರ್ಷ 18 ಹೊಡೆದಿದ್ದಾನೆ. ಪಿ.ಡಿ. ಸರ್ ‘ಹುಡುಗನಿಗೆ ಒಳ್ಳೆ ಭವಿಷ್ಯ ಇದೆ’ ಅಂತಾರೆ. ಸ್ಕೋರ್ ಶೀಟಿನ ಲೆಕ್ಕ ಕಳಿಸಿದ್ದೇನೆ. ಇವನು ನಿಜಕ್ಕೂ ಸುಧಾರಿಸಿದ್ದಾನಾ? ಎಲ್ಲಿಯವರೆಗೆ ಹೋಗಬಹುದು? ಅಮೆರಿಕದ ಕಾಲೇಜಿಗೆ ಸೇರಿಸುತ್ತೇನೆ ಎಂದು ಏಜೆಂಟ್ ಒಬ್ಬರು ದುಡ್ಡು ಕೇಳುತ್ತಿದ್ದಾರೆ. ಓದು ಬಿಡಿಸಬೇಕಾಗುತ್ತಾ? ಎಂಟು ಸಾವಿರದ ಶೂ ಬೇಕು ಅಂತ ಹಟ ಹಿಡಿದಿದ್ದಾನೆ, ಅದೂ ಬೇಕಾ?

ಉತ್ತರ: ಸ್ಕೋರ್ ಶೀಟ್ ಕಳಿಸಿದ್ದು ಒಳ್ಳೆಯದಾಯಿತು. ಬರೀ ‘ಒಂಬತ್ತರಿಂದ ಹದಿನೆಂಟು’ ಎಂದಿದ್ದರೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ.

ಮೊದಲು ಆ ಹದಿನೆಂಟನ್ನೇ ಬಿಡಿಸಿ ನೋಡೋಣ. ಹೋದ ವರ್ಷ ಅವನು ಪಂದ್ಯಕ್ಕೆ 16 ನಿಮಿಷ ಆಡಿದ್ದ, ಈ ವರ್ಷ 32 ನಿಮಿಷ. 40 ನಿಮಿಷದ ಪೂರ್ತಿ ಪಂದ್ಯಕ್ಕೆ ಹೊಂದಿಸಿದರೆ ಆಗಲೂ 22.5, ಈಗಲೂ 22.5. ಅಂದರೆ ದುಪ್ಪಟ್ಟಾಗಿರುವುದು ಕೋರ್ಟಿನಲ್ಲಿ ನಿಂತ ಸಮಯ. ಹಾಗೆಂದು ಇದನ್ನು ತಳ್ಳಿಹಾಕುವ ಹಾಗೂ ಇಲ್ಲ. ಬೆಂಚಿನಿಂದ ಎದ್ದು ಬಂದು ಸುಸ್ತಾದ ಎದುರಾಳಿಗಳ ಮೇಲೆ ಹೊಡೆಯುವುದು ಒಂದು, ಎದುರಿನ ತಂಡ ‘ಇವನನ್ನು ಬಿಡಬೇಡಿ’ ಎಂದು ಇಬ್ಬರನ್ನು ಮೈಮೇಲೆ ಬಿಟ್ಟಾಗ ಅದೇ ದರದಲ್ಲಿ ಹೊಡೆಯುವುದು ಇನ್ನೊಂದು. ದರ ಕುಸಿಯದೆ ನಿಂತಿದ್ದೇ ಈ ವರ್ಷದ ನಿಜವಾದ ಗಳಿಕೆ. ಅದು ಸಣ್ಣದಲ್ಲ, ಆದರೆ ನೀವು ಅಂದುಕೊಂಡಷ್ಟು ದೊಡ್ಡದೂ ಅಲ್ಲ.

ಇನ್ನು ಆ ಪಾಯಿಂಟಿಗೆ ಎಷ್ಟು ಖರ್ಚಾಯಿತು ಎನ್ನುವುದು. 7 ಪಂದ್ಯಗಳಲ್ಲಿ 126 ಪಾಯಿಂಟ್: ಎರಡು ಪಾಯಿಂಟಿನ ಶಾಟ್ 98 ಎಸೆದು ಒಳಗೆ ಹೋದದ್ದು 44, ಮೂರರ ಶಾಟ್ (ದೂರದ ಗೆರೆಯಾಚೆಯಿಂದ ಎಸೆಯುವುದು) 24ಕ್ಕೆ 6, ಫ್ರೀ ಥ್ರೋ (ಫೌಲ್ ಆದಾಗ ಯಾರೂ ಅಡ್ಡ ಬಾರದೆ ಎಸೆಯುವ ಒಂದು ಪಾಯಿಂಟಿನ ಶಾಟ್) 34ಕ್ಕೆ 20. ಒಟ್ಟು ಎಸೆದ ಶಾಟ್‌ಗಳಿಗೆ (122) ಫ್ರೀ ಥ್ರೋ ಸಂಖ್ಯೆಯ 0.44 ಪಾಲು (15) ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಪಾಯಿಂಟನ್ನು ಅದರಿಂದ ಭಾಗಿಸಿದರೆ ಬರುವುದಕ್ಕೆ ಟ್ರೂ ಶೂಟಿಂಗ್ ಎನ್ನುತ್ತಾರೆ. ನಿಮ್ಮ ಮಗನದು ನೂರಕ್ಕೆ 46. ತಂಡದ ಮುಖ್ಯ ಸ್ಕೋರರ್ ಎನಿಸಿಕೊಂಡವನು 50ರ ಕೆಳಗಿದ್ದರೆ ತಂಡದ ಚೆಂಡನ್ನು ಧಾರಾಳವಾಗಿ ಖರ್ಚು ಮಾಡುತ್ತಿದ್ದಾನೆ ಎಂದೇ ಅರ್ಥ. 55ರ ಹತ್ತಿರ ಬಂದರೆ ಒಳ್ಳೆಯ ಸ್ಕೋರರ್. ಮುಂದಿನ ವರ್ಷ ಪಾಯಿಂಟ್ 18ರಿಂದ 15ಕ್ಕೆ ಇಳಿದು ಈ ಸಂಖ್ಯೆ 53 ಆದರೆ ಖುಷಿಪಡಿ. ಅದನ್ನು ಮನೆಯಲ್ಲಿ ‘ಈ ವರ್ಷ ಆಟ ಕಮ್ಮಿಯಾಯ್ತಲ್ಲ’ ಎಂದು ಆಡಿಕೊಳ್ಳಬೇಡಿ, ಹುಡುಗರು ಅಪ್ಪ ಅಮ್ಮನ ಮೆಚ್ಚುಗೆಗಾಗಿಯೇ ಕೆಟ್ಟ ಶಾಟ್ ಎಸೆಯುವುದುಂಟು.

ಒಂದು ಎಚ್ಚರ. ಹೋದ ವರ್ಷ ಫ್ರೀ ಥ್ರೋ 21ಕ್ಕೆ 10, ಈ ವರ್ಷ 34ಕ್ಕೆ 20, ‘48ರಿಂದ 59ಕ್ಕೆ ಏರಿದ್ದಾನೆ’ ಎಂದು ಬರೆದಿದ್ದೀರಿ. 34 ಎಸೆತದಲ್ಲಿ 59 ಬಂದವನ ನಿಜವಾದ ಮಟ್ಟ 42ರಿಂದ 75ರೊಳಗೆ ಎಲ್ಲಿ ಬೇಕಾದರೂ ಇರಬಹುದು. ಅಷ್ಟು ಕಡಿಮೆ ಎಸೆತದಿಂದ ಏರಿದ್ದಾನೆ ಅಂತಲೂ ಹೇಳಲಾಗದು, ಇಳಿದಿದ್ದಾನೆ ಅಂತಲೂ ಹೇಳಲಾಗದು. ನಮ್ಮ ಕಾಲೇಜು ಪಂದ್ಯಗಳ ತೊಂದರೆಯೇ ಇದು, ವರ್ಷಕ್ಕೆ ಹತ್ತು ಪಂದ್ಯವೂ ಸಿಗುವುದಿಲ್ಲ. ಹಾಗಾಗಿ ಅಳತೆ ಪ್ರಾಕ್ಟೀಸಿನಲ್ಲೇ ಆಗಬೇಕು. ದಿನಕ್ಕೆ 50ರಂತೆ ಹತ್ತು ದಿನ, 500 ಫ್ರೀ ಥ್ರೋ ಬರೆದಿಟ್ಟುಕೊಂಡರೆ ನಾಲ್ಕು ಅಂಕದ ಆಚೀಚೆಗೆ ಸರಿಯಾದ ಉತ್ತರ ಸಿಗುತ್ತದೆ. ಐವತ್ತನ್ನೂ ಒಂದೇ ಸಲ ನಿಂತು ಎಸೆಯುವುದು ಬೇಡ. ಪಂದ್ಯದಲ್ಲಿ ಯಾರೂ ಸತತ ಐವತ್ತು ಎಸೆಯುವುದಿಲ್ಲ. ಕೋರ್ಟಿನ ಉದ್ದ ಒಮ್ಮೆ ಓಡಿ ಬಂದು ಎರಡು, ಮತ್ತೆ ಓಡಿ ಎರಡು.

ಇಷ್ಟೆಲ್ಲ ಲೆಕ್ಕ ಹೇಳಿದರೂ ನಿಜವಾದ ಪ್ರಶ್ನೆ ಅದಲ್ಲ. ಶೀಟಿನಲ್ಲಿ ಅವನ ಹೆಸರಿನ ಪಕ್ಕ ‘ಸೆಂಟರ್’ ಎಂದಿದೆ. ತಂಡದಲ್ಲಿ ಎಲ್ಲರಿಗಿಂತ ಉದ್ದ ಇರುವವನನ್ನು ರಿಂಗಿನ ಕೆಳಗೆ ನಿಲ್ಲಿಸುವುದು ವಾಡಿಕೆ, ಪಿ.ಡಿ. ಸರ್ ಕೂಡ ಪಂದ್ಯ ಗೆಲ್ಲಬೇಕಲ್ಲ. ಆದರೆ 188 ಸೆಂ.ಮೀ. ಎತ್ತರದ ಹುಡುಗ ಯೂನಿವರ್ಸಿಟಿ ತಂಡದ ಆಯ್ಕೆಗೆ ಹೋದರೆ ಅಲ್ಲಿ ಪೋಸ್ಟ್‌ನಲ್ಲಿ (ರಿಂಗಿನ ಹತ್ತಿರ) ನಿಲ್ಲುವವರು ಆರೂವರೆ ಅಡಿಯ ಆಸುಪಾಸಿನವರು. ರಾಜ್ಯ ತಂಡದಲ್ಲಿ ಅದಕ್ಕಿಂತ ದೊಡ್ಡವರು. ಅಲ್ಲಿ ಇವನು ಗಾರ್ಡ್ (ರಿಂಗಿನಿಂದ ದೂರ ನಿಂತು ಚೆಂಡು ತಂದು ಆಟ ಕಟ್ಟುವವನು), ಬೇರೆ ಜಾಗವೇ ಇಲ್ಲ. ಅಂದರೆ ಈ ಎರಡು ವರ್ಷ ಅವನು ಸುಧಾರಿಸಿಕೊಂಡಿರುವುದೆಲ್ಲ ಮುಂದಿನ ಮೆಟ್ಟಿಲಲ್ಲಿ ಅವನಿಗೆ ಸಿಗದ ಕೆಲಸದಲ್ಲಿ. ಅವನ ಭವಿಷ್ಯ ನಿಂತಿರುವುದು, ಪದವಿ ಮುಗಿಯುವಷ್ಟರಲ್ಲಿ ಗಾರ್ಡ್ ಆಗಬಲ್ಲನೇ ಎನ್ನುವುದರ ಮೇಲೆ. 19ರ ವಯಸ್ಸಿಗೆ ಎತ್ತರ ಇನ್ನು ಲೆಕ್ಕಕ್ಕೆ ಬರುವಷ್ಟು ಏರುವುದಿಲ್ಲ. ಆದರೆ ಒಂದು ಅಳತೆ ತೆಗೆಯಿರಿ: ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ, ನಡುಬೆರಳ ತುದಿಯಿಂದ ತುದಿಗೆ. 196 ಸೆಂ.ಮೀ. ದಾಟಿದರೆ ಗಾರ್ಡ್‌ನ ಮೈಗೆ ಅವನಿಗಿಂತ ಉದ್ದನೆಯ ಫಾರ್ವರ್ಡ್‌ನ ಕೈ ಇದ್ದಂತೆ, ಡಿಫೆನ್ಸಿನಲ್ಲಿ ಅದು ಬಹಳ ಬೆಲೆ ಬಾಳುತ್ತದೆ.

ಗಾರ್ಡ್ ಆಗಲು ಎಷ್ಟು ದೂರ ಇದೆ ಎನ್ನುವುದೂ ಅದೇ ಶೀಟಿನಲ್ಲಿದೆ: ಅಸಿಸ್ಟ್ (ಜೊತೆಗಾರನ ಪಾಯಿಂಟಿಗೆ ದಾರಿಯಾದ ಪಾಸ್) 11, ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಂಡದ್ದು) 29. ಗಾರ್ಡ್‌ಗೆ ಇದು ತಿರುಗಾಮುರುಗಾ ಇರಬೇಕು. ಕನಿಷ್ಠ ಒಂದು ಟರ್ನೋವರಿಗೆ ಒಂದೂವರೆ ಅಸಿಸ್ಟ್.

ಇದಕ್ಕೆ ಹುಡುಗರು ಮಾಡುವ ತಪ್ಪು ಮದ್ದು ಗೊತ್ತೇ ಇದೆ. ಕೋನ್ ಇಟ್ಟುಕೊಂಡು, ಎರಡು ಚೆಂಡು ಹಿಡಿದು, ಕಾಲಸಂದಿಯಲ್ಲಿ ಡ್ರಿಬಲ್ ಮಾಡುತ್ತಾ ವಿಡಿಯೋ ಮಾಡಿಕೊಳ್ಳುವುದು. ಕೋನ್ ಚೆಂಡು ಕಸಿಯುವುದಿಲ್ಲ. ಕೈಗೆ ಪಳಗುವವರೆಗೆ ಮೂರು ವಾರ ಅದನ್ನು ಮಾಡಲಿ, ದಿನಕ್ಕೆ ಹತ್ತು ನಿಮಿಷ, ಹೆಚ್ಚು ಪಾಲು ಎಡಗೈ. ಆಮೇಲೆ ಎದುರಿಗೆ ಮನುಷ್ಯ ಬೇಕು. 28 ಮೀಟರ್ ಕೋರ್ಟಿನ ಉದ್ದಕ್ಕೆ ಒಬ್ಬನ ಎದುರು ಒಬ್ಬ: ಎಡಗೈ ಮಾತ್ರ ಬಳಸಿ, ಎಂಟು ಸೆಕೆಂಡಿನೊಳಗೆ ಅರ್ಧ ಗೆರೆ ದಾಟಬೇಕು. ಎಂಟು ಸೆಕೆಂಡ್ ನಿಯಮದ ಮಿತಿಯೇ. ಡಿಫೆಂಡರ್ ಆಗಿ ತಂಡದ ಅತಿ ಕುಳ್ಳ, ಅತಿ ಚುರುಕಿನ ಹುಡುಗನನ್ನೇ ಹಾಕಿ. ಉದ್ದ ಇರುವವರ ಡ್ರಿಬಲ್ ಕೆಡುವುದು ಚೆಂಡು ಸೊಂಟದ ಮೇಲೆ ಪುಟಿಯುವುದರಿಂದ, ಕುಳ್ಳನ ಕೈ ಸರಿಯಾಗಿ ಅಲ್ಲಿಗೇ ಬರುತ್ತದೆ. ದಿನಕ್ಕೆ ಎಂಟು ಸಲ ಸಾಕು, ಮೊದಲ ವಾರ ಐದು ಸಲ ಚೆಂಡು ಕಳೆದುಕೊಳ್ಳುತ್ತಾನೆ, ಕಳೆದುಕೊಳ್ಳಲಿ.

ಅದಾದ ಮೇಲೆ ಪಿಕ್ ಅಂಡ್ ರೋಲ್: ಜೊತೆಗಾರ ಬಂದು ಡಿಫೆಂಡರಿಗೆ ಮೈ ಅಡ್ಡ ಕೊಡುತ್ತಾನೆ (ಅದೇ ಸ್ಕ್ರೀನ್), ಆಮೇಲೆ ತಿರುಗಿ ರಿಂಗಿನತ್ತ ಓಡುತ್ತಾನೆ (ಅದು ರೋಲ್). ಇವತ್ತಿನ ಗಾರ್ಡ್‌ನ ಅರ್ಧ ಕೆಲಸ ಇದೇ, ಮತ್ತು ಇದು ಕಾಲಿಗಿಂತ ಕಣ್ಣಿನ ಕೆಲಸ. ಜೊತೆಗಾರ ಸ್ಕ್ರೀನ್ ಕೊಟ್ಟಾಗ ತನ್ನ ಡಿಫೆಂಡರ್ ಏನು ಮಾಡಿದ ಎಂದು ನೋಡಬೇಕು. ಸ್ಕ್ರೀನಿನ ಹಿಂದಿನಿಂದ ಸುತ್ತಿ ಬಂದನೇ? ಅಲ್ಲೇ ನಿಂತು ಶಾಟ್. ಭುಜಕ್ಕೆ ಅಂಟಿಕೊಂಡು ಮೇಲಿಂದಲೇ ಬಂದನೇ? ಅವನನ್ನು ಬೆನ್ನ ಹಿಂದೆ ಇಟ್ಟುಕೊಂಡು ವೇಗ ತಗ್ಗಿಸಿ ಒಳಗೆ ಹೋಗಬೇಕು, ಆಗ ಸ್ಕ್ರೀನ್ ಕೊಟ್ಟವನನ್ನು ಕಾಯುವ ದೊಡ್ಡ ಡಿಫೆಂಡರ್ ಇಬ್ಬರ ಮಧ್ಯೆ ಸಿಕ್ಕಿಕೊಳ್ಳುತ್ತಾನೆ. ಅವನು ಮುಂದೆ ಬಂದರೆ ರೋಲ್ ಆದವನಿಗೆ ಪುಟ ಹಾಕಿದ ಪಾಸ್, ಹಿಂದೆ ಸರಿದರೆ ನಾಲ್ಕು ಮೀಟರಿನ ಶಾಟ್. ಇಬ್ಬರೂ ಚೆಂಡಿನ ಮೇಲೇ ಬಿದ್ದರೆ ಎರಡು ಡ್ರಿಬಲ್ ಹಿಂದೆ ಸರಿದು ಸ್ಕ್ರೀನ್ ಕೊಟ್ಟವನಿಗೇ ಪಾಸ್. ಹೊಸಬರು ಕೆಡಿಸುವುದು ಒಂದೇ ಕಡೆ: ಸ್ಕ್ರೀನ್ ತಲುಪುವ ಮೊದಲೇ ಏನು ಮಾಡಬೇಕೆಂದು ನಿರ್ಧರಿಸಿಬಿಟ್ಟಿರುತ್ತಾರೆ. ಮೂವರನ್ನು ಇಟ್ಟುಕೊಂಡು ನಿಧಾನದ ವೇಗದಲ್ಲಿ ಶುರು ಮಾಡಿ, ಡಿಫೆಂಡರಿಗೆ ಮಾತ್ರ ಯಾವ ರೀತಿ ಆಡಬೇಕೆಂದು ಕಿವಿಯಲ್ಲಿ ಹೇಳಿ. ನಿಮ್ಮ ಮಗನಿಗೆ ಒಂದು ಅನುಕೂಲವಿದೆ: ಎರಡು ವರ್ಷ ರೋಲ್ ಆಗುವವನ ಜಾಗದಲ್ಲೇ ನಿಂತಿದ್ದರಿಂದ ಆ ಪಾಸ್ ಯಾವಾಗ ಬೇಕು ಎನ್ನುವುದು ಅವನಿಗೆ ಮೈಯಲ್ಲೇ ಗೊತ್ತಿದೆ.

ಶೂಟಿಂಗ್ ವಿಷಯಕ್ಕೆ ಬರೋಣ. 24ಕ್ಕೆ 6 ಎನ್ನುವ ಮೂರರ ಶಾಟ್ ನೋಡಿ ಬೇಸರ ಬೇಡ, ಅದನ್ನು ನಂಬಲೂ ಬೇಡ. ಮುಂದೆ ಒಳ್ಳೆಯ ಶೂಟರ್ ಆಗುತ್ತಾನೋ ಎಂದು ತಿಳಿಯಲು ಕಾಲೇಜಿನ ಮೂರರ ಶಾಟಿಗಿಂತ ಫ್ರೀ ಥ್ರೋ ಒಳ್ಳೆಯ ಸುಳಿವು ಕೊಡುತ್ತದೆ, ಏಕೆಂದರೆ ಅಲ್ಲಿ ಡಿಫೆಂಡರ್ ಇಲ್ಲ, ದೂರ ಬದಲಾಗುವುದಿಲ್ಲ, ಉಳಿಯುವುದು ಕೈಯ ಹದ ಮಾತ್ರ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಾರೆ ಕವಾಯ್ ಲೆನರ್ಡ್ ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಡಿದ ಎರಡು ವರ್ಷ ಮೂರರ ಶಾಟ್ ನೂರಕ್ಕೆ 20.5 ಮತ್ತು 29.1, ಆದರೆ ಎರಡೂ ವರ್ಷ ಫ್ರೀ ಥ್ರೋ 70ರ ಮೇಲಿತ್ತು. ಎನ್‌ಬಿಎಗೆ ಹೋದ ಮೇಲೆ ಶೂಟಿಂಗ್ ಕೋಚ್ ಚೆಂಡು ಬಿಡುವ ಜಾಗವನ್ನು ತಲೆಯ ಹಿಂದಿನಿಂದ ಮುಂದಕ್ಕೆ ತಂದರು. 2011–12ರ ಮೊದಲ ಸೀಸನ್ನಿನಲ್ಲೇ 37.6. ಹಾಗಾಗಿ ನಿಮ್ಮ ಮಗನ ಮೊದಲ ಗುರಿ ಮೂರರ ಗೆರೆ ಅಲ್ಲ. ಆ 500ರ ಲೆಕ್ಕದಲ್ಲಿ ಫ್ರೀ ಥ್ರೋ 75 ದಾಟಬೇಕು.

ದಾಟದಿದ್ದರೆ ಎಲ್ಲಿ ತಪ್ಪುತ್ತಿದೆ? ಪ್ರತಿ ತಪ್ಪಿದ ಶಾಟಿಗೂ ಜೊತೆಗಾರ ಒಂದು ಅಕ್ಷರ ಬರೆಯಲಿ: ಮುಂದೆ ಬಿತ್ತು, ಹಿಂದೆ ಬಿತ್ತು, ಎಡ, ಬಲ. ಮುಂದೆ ಬೀಳುವುದು ಕಾಲಿನ ಸುಸ್ತು, ಪ್ರಾಕ್ಟೀಸಿನ ಕೊನೆಯ ಇಪ್ಪತ್ತರಲ್ಲೇ ಹೆಚ್ಚಾಗಿ ಬರುತ್ತದೆ, ಅದು ಅಷ್ಟು ಕೆಟ್ಟದ್ದಲ್ಲ. ಎಡ-ಬಲಕ್ಕೆ ಬೀಳುವುದು ರೋಗ: ಆಸರೆ ಕೈಯ ಹೆಬ್ಬೆರಳು ಚೆಂಡನ್ನು ತಳ್ಳುತ್ತಿರುತ್ತದೆ, ಇಲ್ಲವೇ ಮೊಣಕೈ ಹೊರಗೆ ಓಡುತ್ತಿರುತ್ತದೆ. ರಿಂಗಿನಿಂದ ಎರಡು ಮೀಟರಲ್ಲಿ ನಿಂತು ಒಂದೇ ಕೈಯಲ್ಲಿ ದಿನಕ್ಕೆ 25 ಹಾಕಿದರೆ ಹೆಬ್ಬೆರಳ ಚಾಳಿ ಬಿಡುತ್ತದೆ, ಆರು ವಾರ ಹಿಡಿಯಬಹುದು.

ಪೋಸ್ಟ್‌ನಿಂದ ಬಂದ ಹುಡುಗರ ಇನ್ನೊಂದು ದೋಷ ಚಪ್ಪಟೆ ಶಾಟ್. ರಿಂಗಿನ ಒಳವ್ಯಾಸ 45 ಸೆಂ.ಮೀ., ಚೆಂಡಿನದು ಸುಮಾರು 24. ಚೆಂಡು 45 ಡಿಗ್ರಿಯಲ್ಲಿ ಇಳಿದರೆ ಅದರ ಕಣ್ಣಿಗೆ ರಿಂಗ್ 32 ಸೆಂ.ಮೀ. ಅಗಲ. 30 ಡಿಗ್ರಿಯಲ್ಲಿ ಬಂದರೆ ಬರೀ 22.5, ಅಂದರೆ ಚೆಂಡಿಗಿಂತ ಕಿರಿದು, ರಿಂಗಿಗೆ ತಾಗದೆ ಒಳಗೆ ಹೋಗುವ ಮಾತೇ ಇಲ್ಲ. ಹತ್ತಿರದಿಂದ ಬೋರ್ಡಿಗೆ ಹೊಡೆದು ರೂಢಿಯಾದವರಿಗೆ ಇದು ಗೊತ್ತೇ ಆಗಿರುವುದಿಲ್ಲ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಸಾಕು, ಕಾಣುತ್ತದೆ. ದೂರವನ್ನು ವಾರಕ್ಕೆ ಅರ್ಧ ಮೀಟರಿನಂತೆ ಮಾತ್ರ ಹೆಚ್ಚಿಸಿ. ಮೂರರ ಗೆರೆಗೆ, ಅಂದರೆ 6.75 ಮೀಟರಿಗೆ ಬಂದಾಗ ಚೆಂಡನ್ನು ಎದೆಯಿಂದ ತಳ್ಳಲು ಶುರು ಮಾಡಿದರೆ ಅವಸರ ಮಾಡಿದ್ದೀರಿ ಎಂದರ್ಥ, ಒಂದು ಮೀಟರ್ ಒಳಗೆ ಬನ್ನಿ.

ಸುಧಾರಣೆ ನೇರ ಗೆರೆಯಲ್ಲಿ ಏರುವುದಿಲ್ಲ ಎನ್ನುವುದಕ್ಕೆ ಬಡ್ಡಿ ಹೀಲ್ಡ್‌ನ ಲೆಕ್ಕ ನೋಡಿ. ಬಹಾಮಾಸ್‌ನಿಂದ ಓಕ್ಲಹೋಮಾ ವಿಶ್ವವಿದ್ಯಾಲಯಕ್ಕೆ ಬಂದ ಹುಡುಗ. ಮೊದಲ ವರ್ಷ ಪಂದ್ಯಕ್ಕೆ 7.8 ಪಾಯಿಂಟ್, ಮೂರರ ಶಾಟ್ 23.8, ಹೆಚ್ಚುಕಡಿಮೆ ನಿಮ್ಮ ಮಗನಷ್ಟೇ. ಎರಡನೇ ವರ್ಷ 38.6, ಮೂರನೇ ವರ್ಷ ಇಳಿದು 35.9, ನಾಲ್ಕನೇ ವರ್ಷ 45.7 ಮತ್ತು ಪಂದ್ಯಕ್ಕೆ 25 ಪಾಯಿಂಟ್. 2016ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಆರನೆಯವನಾಗಿ ಆಯ್ಕೆಯಾದ. ಮೂರನೇ ವರ್ಷದ ಇಳಿತ ನೋಡಿ ಕೈಬಿಟ್ಟಿದ್ದರೆ? ಅವನಿಗೆ ಪಂದ್ಯಗಳು, ಜಿಮ್, ಕೋಚ್‌ಗಳು ಎಲ್ಲ ಇದ್ದವು, ಹೋಲಿಕೆ ಅಷ್ಟಕ್ಕೇ ಸಾಕು.

ಡಿಫೆನ್ಸ್ ಬಗ್ಗೆ ನೀವು ಏನೂ ಕೇಳಿಲ್ಲ, ಸ್ಕೋರ್ ಶೀಟಿನಲ್ಲೂ ಅದು ಇರುವುದಿಲ್ಲ. ಆದರೆ ಆಯ್ಕೆ ಶಿಬಿರದಲ್ಲಿ ಹುಡುಗರು ಹೊರಬೀಳುವುದು ಹೆಚ್ಚಾಗಿ ಅಲ್ಲೇ. ಕಾಲೇಜು ತಂಡಗಳು 2–3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು ತಂತಮ್ಮ ಜಾಗ ಕಾಯುವುದು) ಆಡುತ್ತವೆ, ಮಧ್ಯದಲ್ಲಿ ಕೈ ಎತ್ತಿ ನಿಂತವನ ಕಾಲು ಪರೀಕ್ಷೆಗೆ ಒಳಗಾಗುವುದೇ ಇಲ್ಲ. ಶಿಬಿರದಲ್ಲಿ ಮ್ಯಾನ್ ಟು ಮ್ಯಾನ್ (ಒಬ್ಬೊಬ್ಬರೂ ಒಬ್ಬೊಬ್ಬ ಎದುರಾಳಿಯನ್ನು ಹಿಡಿಯುವುದು) ಎಂದ ತಕ್ಷಣ ಎದುರಿನ ಗಾರ್ಡ್ ಎರಡು ಹೆಜ್ಜೆಯಲ್ಲಿ ದಾಟಿ ಹೋಗುತ್ತಾನೆ. ಪಿ.ಡಿ. ಸರ್ ಹತ್ತಿರ ಒಂದೇ ಬೇಡಿಕೆ ಇಡಿ: ಪಂದ್ಯದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಲಿ, ಪ್ರಾಕ್ಟೀಸಿನಲ್ಲಿ ಮಾತ್ರ ಗಾರ್ಡ್‌ನನ್ನು ಹಿಡಿಯುವ ಕೆಲಸ ಕೊಡಲಿ.

ಮೈ: 74 ಕೆಜಿ ಕಡಿಮೆ. ಪದವಿ ಮುಗಿಯುವಷ್ಟರಲ್ಲಿ 80–82 ಆಗಬೇಕು, ತಿಂಗಳಿಗೆ 300 ಗ್ರಾಂ ಸಾಕು, ಅದಕ್ಕಿಂತ ವೇಗವಾಗಿ ಬಂದರೆ ಹೊಟ್ಟೆಗೆ ಬರುತ್ತದೆ. ದಿನಕ್ಕೆ 118 ಗ್ರಾಂ ಪ್ರೋಟೀನ್ ಬೇಕು, ಕೆಜಿ ತೂಕಕ್ಕೆ 1.6ರ ಲೆಕ್ಕ. ನಮ್ಮ ಕಡೆ ‘ಮುದ್ದೆ ತಿಂದರೆ ಶಕ್ತಿ’ ಎನ್ನುತ್ತಾರೆ, ಸರಿಯೇ, ಆದರೆ ಪ್ರೋಟೀನ್ ಮುದ್ದೆಗಿಂತ ಪಕ್ಕದ ಕಾಳಿನಲ್ಲಿ ಹೆಚ್ಚು. ಮೂರು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಬಟ್ಟಲು ಮೊಸರು, ಒಂದು ಹಿಡಿ ಕಡಲೆಬೀಜ, ಒಂದು ಬಟ್ಟಲು ಹುರುಳಿ ಅಥವಾ ಹೆಸರುಕಾಳು, 150 ಗ್ರಾಂ ಬೇಯಿಸಿದ ಕೋಳಿ. ಇಷ್ಟಕ್ಕೆ ನೂರರ ಹತ್ತಿರ ಬರುತ್ತದೆ, ಉಳಿದದ್ದು ಅನ್ನ-ಮುದ್ದೆಯಲ್ಲಿ ಸೇರುತ್ತದೆ. ಕೋಳಿ ತಿನ್ನದ ಮನೆಯಾದರೆ 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26 ಗ್ರಾಂ ಸಿಗುತ್ತದೆ. ಡಬ್ಬದ ಪೌಡರಿಗೆ ಈಗಲೇ ದುಡ್ಡು ಹಾಕಬೇಡಿ.

ವಾರಕ್ಕೆ ಎರಡು ದಿನ ಭಾರ ಎತ್ತುವುದು, ಮುಖ್ಯವಾಗಿ ಸ್ಕ್ವಾಟ್ ಮತ್ತು ಒಂದೇ ಕಾಲಿನ ಮೇಲೆ ಮಾಡುವ ವ್ಯಾಯಾಮ. ಕಾಂಕ್ರೀಟ್ ಕೋರ್ಟಿನಲ್ಲಿ ಹಾರಿ ಹಾರಿ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗಿದ್ದರೆ (ಮೆಟ್ಟಿಲಿಳಿಯುವಾಗ ಮುಖ ಕಿವಿಚುತ್ತಾನಾ ನೋಡಿ) ಸ್ಪ್ರೇ ಹೊಡೆದು ಆಡಿಸಬೇಡಿ. ಹಾರುವುದನ್ನು ಅರ್ಧಕ್ಕೆ ಇಳಿಸಿ, ಗೋಡೆಗೆ ಒರಗಿ ಕುರ್ಚಿಯಂತೆ ಕೂತು 45 ಸೆಕೆಂಡಿನಂತೆ ಐದು ಸಲ, ದಿನವೂ. ಮಂಡಿ ತಿರುಚಿ ‘ಟಕ್’ ಎಂದು ಸದ್ದಾಗಿ ಒಂದೆರಡು ಗಂಟೆಯಲ್ಲಿ ಊದಿಕೊಂಡರೆ ಅದು ಬೇರೆ ವಿಷಯ, ಮೂಳೆ ವೈದ್ಯರಿಗೆ ತಕ್ಷಣ ತೋರಿಸಿ, ಎಣ್ಣೆ ತಿಕ್ಕಿಸಬೇಡಿ.

ಈಗ ‘ಎಲ್ಲಿಯವರೆಗೆ’. ಎನ್‌ಬಿಎ ಇಲ್ಲ. ನಮ್ಮ ದೇಶದ 7 ಅಡಿ 2 ಇಂಚಿನ ಸತ್ನಾಮ್ ಸಿಂಗ್ 2015ರಲ್ಲಿ 52ನೆಯವನಾಗಿ ಡ್ರಾಫ್ಟ್ ಆದರೂ ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲಿಲ್ಲ. ಅಮೆರಿಕದ ಕಾಲೇಜಿನ ಮಾತು: ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎಯ ಮೊದಲ ದರ್ಜೆಯಲ್ಲಿ ಆಡುವ ಅರ್ಹತೆಗೆ ಐದು ವರ್ಷದ ಗಡಿಯಾರವಿದೆ, ಅದು ಜಗತ್ತಿನ ಯಾವುದೇ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನವೇ ಓಡಲು ಶುರು. ಅಂದರೆ ಹಾಸನದಲ್ಲೇ ಅದು ಓಡುತ್ತಿದೆ. ಇದನ್ನು ನಿಮ್ಮ ಏಜೆಂಟ್ ಹೇಳಿದ್ದಾರಾ? ಹೇಳಿಲ್ಲದಿದ್ದರೆ ದುಡ್ಡು ಕೊಡಬೇಡಿ. ಅಲ್ಲಿನ ಕೋಚ್‌ಗಳಿಗೆ ಇ-ಮೇಲ್ ಕಳಿಸಲು ಯಾರ ಶಿಫಾರಸೂ ಬೇಡ, ಎರಡು ಪೂರ್ತಿ ಪಂದ್ಯಗಳ ವಿಡಿಯೋ ಸಾಕು, ಆದರೆ ಈಗಿನ ಆಟಕ್ಕೆ ಸ್ಕಾಲರ್‌ಶಿಪ್ ಸಿಗುವುದಿಲ್ಲ.

ಅವನಿಗೆ ನಿಜವಾಗಿ ತೆರೆದಿರುವ ದಾರಿ ಹೀಗಿದೆ. ಮುಂದಿನ ವರ್ಷ ಯೂನಿವರ್ಸಿಟಿ ತಂಡ, ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಇದು ಗೌರವಕ್ಕೆ ಮಾತ್ರವಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ನೌಕರಿಗೆ ಬೇಕಾದ ಪ್ರಮಾಣಪತ್ರಗಳಲ್ಲಿ ‘ಫಾರ್ಮ್ 3’ ಎನ್ನುವುದು ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದವರಿಗೆ. ಅಂತರ ಕಾಲೇಜು ಕಪ್ ಎಷ್ಟಿದ್ದರೂ ಅದಕ್ಕೆ ಲೆಕ್ಕವಿಲ್ಲ. ಆಡಿದ ವರ್ಷವೇ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರಿಂದ ಸಹಿ, ಸೀಲು ಹಾಕಿಸಿಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಹೋದರೆ ಅಧಿಕಾರಿ ಬದಲಾಗಿರುತ್ತಾರೆ, ಕಡತ ಸಿಗುವುದಿಲ್ಲ. ನೌಕರಿ ಕೊಡುವ ತಂಡಗಳೆಂದರೆ ರೈಲ್ವೆ, ಆದಾಯ ತೆರಿಗೆ ಇಲಾಖೆ, ಬ್ಯಾಂಕ್. ಸೇನೆಗೆ ಸೇರುವ ಮನಸ್ಸಿದ್ದರೆ ಬೆಂಗಳೂರಿನಲ್ಲೇ ಸೇನೆಯ ಎಎಸ್‌ಸಿ (ಸರಬರಾಜು ದಳ) ಮತ್ತು ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ತಂಡಗಳಿವೆ. ರಜೆಯಲ್ಲಿ ಬೆಂಗಳೂರಿನ ಕ್ಲಬ್ ಒಂದರಲ್ಲಿ ಒಂದೂವರೆ ತಿಂಗಳು ಪ್ರಾಕ್ಟೀಸಿಗೆ ಬಿಡಿ. ಅಲ್ಲಿ ಇವನೇ ಕುಳ್ಳ ಅನಿಸಬೇಕು, ಗಾರ್ಡ್ ಆಗಲು ಅದಕ್ಕಿಂತ ಬೇಗ ಕಲಿಸುವ ಶಾಲೆ ಇಲ್ಲ.

3×3 (ಮೂವರ ಎದುರು ಮೂವರ ಆಟ) ಕೂಡ ಮರೆಯಬೇಡಿ. ಅರ್ಧ ಕೋರ್ಟ್, ಹತ್ತು ನಿಮಿಷ ಅಥವಾ 21 ಪಾಯಿಂಟ್, 12 ಸೆಕೆಂಡಿನ ಶಾಟ್ ಕ್ಲಾಕ್. ಗೆರೆಯ ಒಳಗಿನದಕ್ಕೆ ಒಂದು, ಹೊರಗಿನದಕ್ಕೆ ಎರಡು. ಎಲ್ಲರೂ ಎಲ್ಲವನ್ನೂ ಮಾಡಬೇಕಾದ ಆಟ, ಹಾಗಾಗಿ ಪೋಸ್ಟ್ ಕಲಿತು ಗಾರ್ಡ್ ಆಗುತ್ತಿರುವ ಹುಡುಗನಿಗೆ ಹೇಳಿ ಮಾಡಿಸಿದ್ದು. ವರ್ಷಕ್ಕೆ ಏಳು ಪಂದ್ಯ ಸಿಗುವವನಿಗೆ ಒಂದು ಶನಿವಾರ-ಭಾನುವಾರದಲ್ಲೇ ನಾಲ್ಕೈದು ಪಂದ್ಯ ಸಿಗುತ್ತವೆ.

ಓದು ಬಿಡಿಸುವ ಮಾತೇ ಬೇಡ. ಕಾಲೇಜು ಬಿಟ್ಟರೆ ಯೂನಿವರ್ಸಿಟಿ ತಂಡವೂ ಇಲ್ಲ, ಫಾರ್ಮ್ 3ಯೂ ಇಲ್ಲ.

ಶೂ ವಿಷಯ. ಹೊರಗಿನ ಸಿಮೆಂಟ್ ಕೋರ್ಟಿನಲ್ಲಿ ಒಳಾಂಗಣದ ಮೆತ್ತನೆಯ ಸೋಲ್ ಮೂರು ತಿಂಗಳಲ್ಲಿ ಸವೆದು ನುಣ್ಣಗಾಗುತ್ತದೆ, ಆಮೇಲೆ ಜಾರುವುದೇ. ಎಂಟು ಸಾವಿರದ್ದಕ್ಕಿಂತ ಮೂರೂವರೆ ಸಾವಿರದ ಗಟ್ಟಿ ರಬ್ಬರಿನದು ಒಳ್ಳೆಯದು. ಹೆಬ್ಬೆರಳ ಉಗುರಿನಿಂದ ಸೋಲನ್ನು ಒತ್ತಿ ನೋಡಿ, ಸಲೀಸಾಗಿ ತಗ್ಗಿದರೆ ಬೇಡ. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಆಡುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಲಿ.